ಮರದ ಆಟಿಕೆ ಗಾಡಿ: ಮೊದಲು ಅಚ್ಚಿನ ತೂತು, ಆಮೇಲೆ ಆಕಾರ

ಮನೆಯಲ್ಲೇ ಮರದ ಲಾರಿ, ಬಸ್ಸು ಮಾಡುವ ಗೆಳೆಯರೇ, ಒಂದೊಂದನ್ನೇ ಪೂರ್ತಿ ಮುಗಿಸಲು ಹೋಗಬೇಡಿ. ಇಪ್ಪತ್ತು ಗಾಡಿ ಬೇಕಿದ್ದರೆ ಇಪ್ಪತ್ತಕ್ಕೂ ಒಂದು ಕೆಲಸ ಮುಗಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಚ್ಚಿನ ತೂತು, ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಸರಳು ಗಾಡಿಯೊಳಗೆ ಹಾಯುವ ತೂತು. ಮರದ ತುಂಡು ಇನ್ನೂ ಚೌಕವಾಗಿರುವಾಗಲೇ ಅದನ್ನು ಕೊರೆಯಿರಿ. ಬಾನೆಟ್ಟಿನ ಇಳಿಜಾರು, ಮೂಲೆಯ ದುಂಡು ಕತ್ತರಿಸಿದ ಮೇಲೆ ಆಧಾರಕ್ಕೆ ನೇರ ಅಂಚು ಸಿಗುವುದಿಲ್ಲ. ಡ್ರಿಲ್ಲಿಂಗ್ ಯಂತ್ರದ ಮೇಜಿಗೆ ಎರಡು ಪಟ್ಟಿಗಳನ್ನು ಮೂಲೆಯಾಗುವಂತೆ ಬಿಗಿದು, ಪ್ರತಿ ತುಂಡನ್ನೂ ಆ ಮೂಲೆಗೆ ಒತ್ತಿ ಕೊರೆದರೆ ಗುರುತು ಹಾಕುವ ಗೋಜೇ ಇಲ್ಲ. ಅಲ್ಲಿ ಸೇರುವ ಹೊಟ್ಟನ್ನು ಮಾತ್ರ ಪ್ರತಿ ಸಲವೂ ಕುಂಚದಿಂದ ಗುಡಿಸಿ. ಸಣ್ಣ ಚೂರು ಸಿಕ್ಕಿಕೊಂಡರೂ ತೂತು ಜರುಗಿ, ಒಂದು ಚಕ್ರ ನೆಲ ತಾಗದೆ ನಿಲ್ಲುತ್ತದೆ.

ಅಚ್ಚು 8 ಮಿ.ಮೀ. ಇದ್ದರೆ ಗಾಡಿಯ ತೂತು 9 ಮಿ.ಮೀ. ಇರಲಿ, ಚಕ್ರದ್ದು 8. ಅಂಟನ್ನು ಕಡ್ಡಿಯ ತುದಿಯಿಂದ ಚಕ್ರದ ತೂತಿನೊಳಗೆ ಹಚ್ಚಬೇಕು, ಅಚ್ಚಿಗಲ್ಲ. ಅಚ್ಚಿಗೆ ಹಚ್ಚಿದರೆ ಚಕ್ರ ತಳ್ಳಿದಂತೆಲ್ಲ ಅಂಟು ಒಳಗೆ ಸರಿದು ಗಾಡಿಯೇ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೂ ಗಾಡಿಗೂ ನಡುವೆ ಹಳೆಯ ಲಗ್ನಪತ್ರಿಕೆಯ ತುಂಡೊಂದನ್ನು ಇಟ್ಟು ಜೋಡಿಸಿ, ಆಮೇಲೆ ಎಳೆದುಬಿಡಿ.

ಚನ್ನಪಟ್ಟಣದವರು ಬಳಸುವ ಆಲೆಮರ ಒಣಗಿದ್ದು ಸಿಕ್ಕರೆ ಬಿಡಬೇಡಿ. ಬಿಳುಪಾದ, ನಯವಾದ ಮರ. ಬಣ್ಣದ ಅರಗನ್ನು ಚೆನ್ನಾಗಿ ಹಿಡಿಯುತ್ತದೆ.

ಪುಟ್ಟ ಮಕ್ಕಳ ಕೈಗೆ ಕೊಡುವ ಮುನ್ನ, ಅಂಟು ಒಂದು ದಿನ ಒಣಗಿದ ಮೇಲೆ, ಪ್ರತಿ ಚಕ್ರವನ್ನೂ ಬಲವಾಗಿ ಎಳೆದು ನೋಡಿ. ಸಡಿಲವೆನಿಸಿದ ಗಾಡಿಯನ್ನು ಬದಿಗಿಡಿ.