ಟ್ಯೂಬಿನೊಳಗೆ ತೋಟಾ ಸಿಡಿಯದ ಹಾಗೆ: ನನ್ನ ಅನುಭವ

"ತೋಟಾ ತಳದ ರಿಮ್, ಅಂದ್ರೆ ಅಂಚು, ದಪ್ಪ ಇರುತ್ತೆ, ಟ್ಯೂಬಿನಲ್ಲಿ ಅದು ಓರೆಯಾಗಿ ಮಲಗುತ್ತೆ. ಗುಂಡಿನ ಮೂತಿ ಮುಂದಿನದರ ಪ್ರೈಮರ್‌ಗೆ ತಾಗೋದೇ ಇಲ್ಲ. ಸುಮ್ನೆ ಹೆದರ್ತೀಯ." ಪ್ರೈಮರ್ ಅಂದರೆ ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹಚ್ಚುವ, ತೋಟಾ ತಳದ ಪುಟ್ಟ ಬಟ್ಟಲು. ನಳಿಗೆಯ ಕೆಳಗಿನ ಟ್ಯೂಬಿನಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗುವ ರೈಫಲಿನಲ್ಲಿ, ಒದೆತಕ್ಕೆ ಹಿಂದಿನದರ ಚೂಪು ಮೂತಿ ಮುಂದಿನದರ ಪ್ರೈಮರ್‌ಗೆ ಬಡಿದು ಅದು ಅಲ್ಲೇ ಸಿಡಿದೀತು ಅನ್ನುವುದು ಹೆದರಿಕೆ. ಅದಕ್ಕೆ ನನ್ನ ಜೊತೆ ಗುರಿ ಹೊಡೆಯುವವರೆಲ್ಲ ಹೇಳುತ್ತಿದ್ದ ಮಾತು ಇದು. ನಾನೂ ವರ್ಷಗಟ್ಟಲೆ ನಂಬಿದ್ದೆ. ಈಗ ನಂಬುವುದಿಲ್ಲ.

ನನ್ನದು .30-30 ಅಳತೆಯ ತೋಟಾ ಹೊಡೆಯುವ ಲಿವರ್ ರೈಫಲ್, ಪಕ್ಕದ ಗೇಟಿನಿಂದ ತುಂಬುವಂಥದ್ದು. ಮೊದಲ ತಪ್ಪು ಮಾಡಿಸಿದ್ದು ದುಡ್ಡಿನ ಆಸೆ. ಅಗ್ಗಕ್ಕೆ ಸಿಕ್ಕಿತೆಂದು ಚೂಪು ಮೂತಿಯ ಗುಂಡು ಇನ್ನೂರೋ ಏನೋ ಕೊಂಡೆ. ಚೇಂಬರಿನಲ್ಲಿ (ಹೊಡೆಯುವಾಗ ತೋಟಾ ಕೂರುವ ಗೂಡು) ಒಂದು, ಟ್ಯೂಬಿನಲ್ಲಿ ಒಂದು, ಅಷ್ಟೇ ಹಾಕು ಅನ್ನುವ ಹಳೇ ಲೆಕ್ಕ ಗೊತ್ತಲ್ವಾ? ಅದನ್ನೇ ಪಾಲಿಸಿದೆ. ಒಂದು ದಿನ ಮಾತಿನ ಭರದಲ್ಲಿ ಮೂರನೆಯದನ್ನೂ ತಳ್ಳಿಬಿಟ್ಟೆ. ಏನೂ ಆಗಲಿಲ್ಲ. ಆದರೆ ಟ್ಯೂಬಿನ ಕೆಳಗೇ ನನ್ನ ಎಡಗೈ ಇತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಉಳಿದ ಗುಂಡುಗಳನ್ನು ಬೋಲ್ಟ್ ರೈಫಲ್ ಇರುವ ಗೆಳೆಯನಿಗೆ ಅರ್ಧ ಬೆಲೆಗೆ ಕೊಟ್ಟೆ. ಅವನದು ಪೆಟ್ಟಿಗೆ ಮ್ಯಾಗಜೀನ್, ತೋಟಾಗಳು ಒಂದರ ಮೇಲೊಂದು ಕೂರುತ್ತವೆ. ಅಲ್ಲಿ ಚೂಪಿಗೆ ಅಡ್ಡಿಯಿಲ್ಲ.

ಆಮೇಲೆ ನಿಜವಾಗಿ ತಾಗುತ್ತದೋ ಇಲ್ಲವೋ ನೋಡಿಯೇ ಬಿಡೋಣ ಅನ್ನಿಸಿತು. ಚೂಪು ಮೂತಿಯ ಐದು ಡಮ್ಮಿ ತೋಟಾ ಮಾಡಿದೆ. ಮದ್ದಿಲ್ಲ, ಪ್ರೈಮರ್ ಜಾಗದಲ್ಲಿ ಸೀಸ ತುಂಬಿ ಸಮ ಉಜ್ಜಿದ್ದೆ. ಒದೆತಕ್ಕೆ ಆ ಸೀಸ ಕಳಚದ ಹಾಗೆ ಕೂರಿಸಿದ್ದು ಹೇಗೆ ಅನ್ನೋದು ನನ್ನಲ್ಲೇ ಇರಲಿ, ಅದಕ್ಕೇ ಎರಡು ವಾರ ಹೋಯಿತು. ಡಮ್ಮಿಗಳನ್ನು ಮೊದಲು ತುಂಬಿ, ಚಪ್ಪಟೆ ಮೂತಿಯ ಅಸಲಿ ತೋಟಾ ಒಂದನ್ನು ಕೊನೆಗೆ. ಕೊನೆಗೆ ಹೋದದ್ದೇ ಮೊದಲು ಚೇಂಬರಿಗೆ ಬರುತ್ತದೆ. ಹೊಡೆದು, ಮತ್ತೆ ಒಂದೇ ಅಸಲಿ ತುಂಬಿ, ಹೀಗೆ ಹದಿನೈದು ಹೊಡೆತ.

ಚೂಪು ಡಮ್ಮಿಗಳನ್ನು ಹೊರತೆಗೆದು ಬೆಳಕಿಗೆ ಹಿಡಿದೆ. ಎರಡರ ಸೀಸದಲ್ಲಿ ಸೂಜಿ ಚುಚ್ಚಿದಂಥ ಗುಳಿ. ಒಂದರಲ್ಲಿ ಹೆಚ್ಚುಕಡಿಮೆ ನಟ್ಟನಡುವೆ! ಚಪ್ಪಟೆ ಮೂತಿಯ ಡಮ್ಮಿ ಮಾಡಿ ಅಷ್ಟೇ ಹೊಡೆದೆ. ಮಸುಕಾದ ಗೆರೆ ಮಾತ್ರ, ಅದೂ ಅರ್ಧ ತಳದ ಹಿತ್ತಾಳೆಯ ಮೇಲೆ. ಇದರಿಂದ ಸಿಡಿಯುತ್ತದೆ ಎಂದು ಸಾಬೀತಾಗಲಿಲ್ಲ, ತಾಗುತ್ತದೆ ಎಂದಾಯಿತು. ನನಗೆ ಅಷ್ಟು ಸಾಕು. ಆ ಡಮ್ಮಿಗಳನ್ನು ತೋರಿಸಿದ ಮೇಲೆ ಗೆಳೆಯರ ವಾದ ನಿಂತಿತು.

ಈಗ ನಾನು ಮಾಡುವುದು ಇಷ್ಟು. ಗುಂಡು ಚಪ್ಪಟೆ ಮೂತಿಯದೇ. ಗುಂಡು ತಯಾರಿಸುವ ಹಾರ್ನಡಿ ಕಂಪನಿಯವರದು ಟ್ಯೂಬಿಗೆಂದೇ ಮಾಡಿದ ಮೆತ್ತನೆ ತುದಿಯ ಗುಂಡು ಇದೆ, ಅದೂ ಸರಿ. ಆದರೆ ಬೋಲ್ಟ್ ರೈಫಲಿನ ಗಟ್ಟಿ ಪ್ಲಾಸ್ಟಿಕ್ ತುದಿಯದು ನೋಡಲು ಹಾಗೇ ಇರುತ್ತದೆ, ಮೋಸಹೋಗಬೇಡಿ. ಪ್ರೈಮರ್ ತೋಟಾ ತಳದ ಮಟ್ಟಕ್ಕಿಂತ ಇಂಚಿನ ಸಾವಿರದಲ್ಲಿ ಮೂರರಿಂದ ಐದು ಭಾಗ ಒಳಗಿರಬೇಕು. ಪ್ರತಿಯೊಂದರ ಮೇಲೂ ಬೆರಳು ಸವರುತ್ತೇನೆ. ಉಗುರಿಗೆ ಸಿಕ್ಕಿದರೆ ಪಕ್ಕಕ್ಕೆ. ನನಗೆ ಉಬ್ಬಿದ ಪ್ರೈಮರ್ ಸಿಕ್ಕಿದ್ದೆಲ್ಲ, ಹೊಡೆದ ಕೇಸನ್ನು (ತೋಟಾದ ಹಿತ್ತಾಳೆ ಕವಚ) ನಾನೇ ಮತ್ತೆ ತುಂಬುವಾಗ ಪ್ರೈಮರ್ ಕೂರುವ ಗುಳಿಯ ಮಸಿ ಕೆರೆಯದೆ ಕೂರಿಸಿದಾಗಲೇ.

ಕ್ರಿಂಪ್, ಅಂದರೆ ಗುಂಡಿನ ಸುತ್ತ ಕೇಸಿನ ಬಾಯಿಯ ಬಿಗಿತ, ಸಡಿಲಾದರೂ ತೊಂದರೆ. ಒಮ್ಮೆ ಇಪ್ಪತ್ತರಲ್ಲಿ ಮೂರರ ಗುಂಡು ಸ್ಪ್ರಿಂಗಿನ ಒತ್ತಡಕ್ಕೂ ಒದೆತಕ್ಕೂ ಕೇಸಿನೊಳಗೆ ಕುಸಿದಿತ್ತು. ಆ ಕಂತು ಪೂರ್ತಿ ಬಿಚ್ಚಿದೆ. ಅಷ್ಟೂ ಪ್ರೈಮರ್ ದಂಡ.

ತುಂಬುವಾಗ ಒಂದನ್ನೂ ಪೂರ್ತಿ ತಳ್ಳುವುದಿಲ್ಲ. ರಿಮ್ ಗೇಟಿನಲ್ಲಿ ಇಣುಕುತ್ತಿರುವಾಗ ನಿಲ್ಲಿಸಿ, ಮುಂದಿನದರ ಮೂತಿಯನ್ನು ಅದರ ಅಂಚಿಗೆ ಆನಿಸಿ ಮೆಲ್ಲಗೆ ಒತ್ತುತ್ತೇನೆ. ಕುಟ್ಟುವುದಿಲ್ಲ. ಕೊನೆಯದಕ್ಕೆ ಮಾತ್ರ ಹೆಬ್ಬೆರಳಿನ ಪೂರ್ತಿ ಒತ್ತು. ನಿಧಾನ ಅನ್ನುತ್ತಾರೆ. ಆರು ತೋಟಾಗೆ ನನಗೆ ಹತ್ತು ಸೆಕೆಂಡು ಸಾಕು, ನಮ್ಮಲ್ಲಿ ಬೇರೆ ಯಾರಿಗೂ ಆಗಿಲ್ಲ.

1860ರ ಹೆನ್ರಿ ಮಾದರಿ ಇರುವವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ತೋಟಾ ಮುಂದಿನಿಂದ ಇಳಿಯುತ್ತದೆ. ನೆಟ್ಟಗೆ ನಿಲ್ಲಿಸಿ ಬಿಟ್ಟರೆ ಮೇಲಿನದರ ಪ್ರೈಮರ್ ನೇರ ಕೆಳಗಿನದರ ಮೂತಿಯ ಮೇಲೆ ಬೀಳುತ್ತದೆ. ಗೆಳೆಯನದನ್ನು ನಾನು ತುಂಬುವಾಗ ರೈಫಲನ್ನು ಓರೆ ಹಿಡಿದು, ನಳಿಗೆ ಮುಖಕ್ಕೆ ದೂರವಿಟ್ಟು, ಒಂದೊಂದೇ ಜಾರಿಸುತ್ತೇನೆ. ತುಂಬಿದ ಮೇಲೆ, ಸ್ಪ್ರಿಂಗಿನ ಬಲದಲ್ಲಿ ತೋಟಾಗಳನ್ನು ತಳ್ಳುವ ಫಾಲೋವರನ್ನು ಬೆರಳಲ್ಲಿ ಹಿಡಿದೇ ಕೆಳಗಿಳಿಸುತ್ತೇನೆ, ಅದು ಎಲ್ಲಕ್ಕೂ ಮೇಲಿನ ತೋಟಾಗೆ ತಾಗುವವರೆಗೂ ಬಿಡುವುದಿಲ್ಲ.