ತಪ್ಪಿದ ಓಟದ ಬಾಕಿ ತೀರಿಸಲು ಹೋಗಿ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಪೇಂಟ್ ಡಬ್ಬಗಳೆಲ್ಲ ಮೇಲೆ ಅಟ್ಟದಲ್ಲಿ. 2023ರ ಆಗಸ್ಟಿನ ಒಂದು ಸೋಮವಾರ ಗಿರಾಕಿಯೊಬ್ಬರು ನಾಲ್ಕು ಲೀಟರಿನ ಡಬ್ಬ ಕೇಳಿದರು. ಏಣಿ ಹತ್ತಿ ತೆಗೆದೆ, ಇಳಿದೆ, ಕೊನೆಯ ಮೆಟ್ಟಿಲಿನಿಂದ ಬಲಗಾಲು ನೆಲಕ್ಕೆ ಊರಿದೆ. ಪಾದದ ಗಂಟಿನಿಂದ ಒಂದು ಗೇಣು ಮೇಲೆ, ಒಳಬದಿಯ ಮೂಳೆಗೆ ಯಾರೋ ಸ್ಕ್ರೂಡ್ರೈವರ್ ಇಟ್ಟು ಒತ್ತಿದ ಹಾಗಾಯಿತು. ಹಿಂದಿನ ದಿನ 16 ಕಿ.ಮೀ. ಓಡಿದ್ದೆ.

ಆಗ ನನಗೆ 44. ಓಡಲು ಶುರುಮಾಡಿ ಐದಾರು ತಿಂಗಳು. ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಒಂದು ಅರ್ಧ ಮ್ಯಾರಥಾನ್‌ಗೆ, ಅಂದರೆ 21.1 ಕಿ.ಮೀ. ಓಟಕ್ಕೆ, ದುಡ್ಡು ಕಟ್ಟಿಯಾಗಿತ್ತು. ಫೋನಿನಲ್ಲಿ ಸಿಕ್ಕ ಒಂದು 15 ವಾರದ ವೇಳಾಪಟ್ಟಿಯನ್ನು ಪ್ರಿಂಟ್ ತೆಗೆದು ಅಂಗಡಿಯ ಕ್ಯಾಲೆಂಡರ್ ಪಕ್ಕ ಅಂಟಿಸಿದ್ದೆ. ಮಂಗಳವಾರ 5, ಗುರುವಾರ 6, ಶನಿವಾರ 4, ಭಾನುವಾರ ಉದ್ದ ಓಟ. ಭಾನುವಾರದ್ದು 8ರಿಂದ ಶುರುವಾಗಿ ವಾರಕ್ಕೆ ಒಂದೊಂದು ಕಿ.ಮೀ. ಏರುತ್ತದೆ. ವಾರದ ಮೊತ್ತ ಯಾವಾಗಲೂ ಶೇ. 10ರ ಒಳಗೇ ಹೆಚ್ಚುತ್ತದೆ. ಓಡುವವರೆಲ್ಲ ಹೇಳುವ ಆ ಹತ್ತು ಪರ್ಸೆಂಟ್ ನಿಯಮ. ಕಾಗದದ ಮೇಲೆ ಎಲ್ಲ ಸರಿ ಇತ್ತು.

ಆ ಪಟ್ಟಿ ಬರೆದವರಿಗೆ ಕಕ್ಕಡ ಅಂದರೇನು ಅಂತ ಗೊತ್ತಿರಲಿಲ್ಲ, ಅಷ್ಟೇ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ನಮ್ಮಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲ. ಆ ವರ್ಷ ಜುಲೈ ಕೊನೆಗೆ ಜೋರಾಗಿ ಹಿಡಿಯಿತು. ಮೊದಲ ಮೂರು ಭಾನುವಾರ 8, 9, 10 ಓಡಿದ್ದೆ. ಆಮೇಲೆ ಎರಡು ಭಾನುವಾರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ವಾರದ ಮಧ್ಯೆ ಎಲ್ಲೋ ಮಳೆ ಸಣ್ಣಗಾದಾಗ ಮ್ಯಾನ್ಸ್ ಕಾಂಪೌಂಡ್ ಮೈದಾನದಲ್ಲಿ ನೀರು ನಿಂತ ಜಾಗ ತಪ್ಪಿಸಿಕೊಂಡು ಒಂದಿಷ್ಟು ಸುತ್ತು. ಒಂದು ವಾರ ಒಟ್ಟು 4 ಕಿ.ಮೀ., ಇನ್ನೊಂದು ವಾರ 9.

ಆಗಸ್ಟ್ ಬರುತ್ತಲೂ ಮಳೆ ಪೂರ್ತಿ ಕೈಕೊಟ್ಟಿತು. ನೆನಪಿರಬಹುದು, ದೇಶದ ಲೆಕ್ಕದಲ್ಲಿ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ತೋಟದವರೆಲ್ಲ ಆಕಾಶ ನೋಡುತ್ತಿದ್ದರು. ನಮ್ಮದೂ ನಾಲ್ಕು ಎಕರೆ ಇದೆ, ನನಗೂ ಚಿಂತೆ ಇರಬೇಕಿತ್ತು, ಆದರೆ ನಿಜ ಹೇಳಬೇಕಂದ್ರೆ ನನಗೆ ಒಳಗೊಳಗೇ ಖುಷಿ. ಅಂಗಡಿಯವನ ಬುದ್ಧಿ ನೋಡಿ, ಎರಡು ಭಾನುವಾರದ ಓಟ ಬಾಕಿ ಇದೆ ಅಂತ ಮನಸ್ಸಿನಲ್ಲಿ ಖಾತೆ ಬರೆದುಕೊಂಡಿದ್ದೆ. ಆ ಭಾನುವಾರಕ್ಕೆ ಪಟ್ಟಿಯಲ್ಲಿ 13 ಇತ್ತು. ಬಡ್ಡಿ ಅಂತ ಒಂದು ಸೇರಿಸಿ 14 ಓಡಿದೆ.

ಅದೂ ಗಾಳಿಬೀಡು ರಸ್ತೆಯಲ್ಲಿ. ಬೆಳಿಗ್ಗೆ ಆರು ಗಂಟೆ, ಮಂಜು, ಸಿಲ್ವರ್ ಓಕ್ ಎಲೆಯಿಂದ ತೊಟ್ಟಿಕ್ಕುವ ನೀರು, ಅಂಚಿನಲ್ಲೆಲ್ಲ ಪಾಚಿ. ಉಸಿರು ಎಲ್ಲೂ ಕಟ್ಟಲಿಲ್ಲ. ಎರಡು ವಾರ ಕೂತು ತಿಂದಿದ್ದಕ್ಕೋ ಏನೋ, ಕಾಲು ಹಗುರವಾಗಿತ್ತು. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಎರಡು ಜಿಗಣೆ. ಅದೊಂದೇ ಅವತ್ತಿನ ಗಾಯ ಅಂದುಕೊಂಡೆ. ಮಂಗಳವಾರ ಮೊಣಕಾಲ ಕೆಳಗೆ ಸ್ವಲ್ಪ ಬಿಗಿ ಅನ್ನಿಸಿತು. ಗುರುವಾರ ಓಡುತ್ತಾ ಹೋದಂತೆ ಬಿಗಿ ಹೋಯಿತು, ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಭಾನುವಾರ ಪಟ್ಟಿಯ 14 ಬಿಟ್ಟು 16. ಇನ್ನೂ ಬಾಕಿ ಇತ್ತಲ್ಲ!

ಡಾಕ್ಟರು ಮೂಳೆಯ ಮೇಲೆ ಹೆಬ್ಬೆರಳಿಟ್ಟು ಇಂಚಿಂಚಾಗಿ ಒತ್ತುತ್ತಾ ಬಂದರು. ನೋವು ಒಂದು ಬೆರಳುದ್ದ ಹರಡಿಕೊಂಡಿದ್ದರೆ ಅದು ಶಿನ್ ಸ್ಪ್ಲಿಂಟ್, ನಿಧಾನಕ್ಕೆ ಹೋಗುವಂಥದ್ದು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಜೀವ ಹೋಗುವಷ್ಟು ನೋವಿದ್ದರೆ ಮೂಳೆಯನ್ನೇ ಅನುಮಾನಿಸಬೇಕು. ನನ್ನದು ನಾಣ್ಯದಷ್ಟು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುರುವಿನ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ ಅಂತ ಹೇಳಿ ಎಂಆರ್‌ಐಗೆ ಕಳಿಸಿದರು. ಮೂಳೆ ಪೂರ್ತಿ ಬಿರುಕು ಬಿಟ್ಟಿರಲಿಲ್ಲ, ಬಿಡುವ ದಾರಿಯಲ್ಲಿತ್ತು. ಓಟ ಬಂದ್.

ಉಸಿರು ಕಟ್ಟಲಿಲ್ಲ, ಕಾಲು ಸೋಲಲಿಲ್ಲ, ಮೂಳೆ ಮಾತ್ರ ಯಾಕೆ ಹೀಗಾಯಿತು? ನನಗೆ ಅರ್ಥವಾದ ರೀತಿ ಹೇಳುತ್ತೇನೆ. ತೋಟದ ರಸ್ತೆಯ ಬದಿಗೆ ಕಲ್ಲಿನ ಕಟ್ಟೆ ಸಡಿಲವಾದರೆ ಏನು ಮಾಡುತ್ತೇವೆ? ಮೊದಲು ಸಡಿಲ ಕಲ್ಲು ತೆಗೆಯುತ್ತೇವೆ, ಆಮೇಲೆ ಹೊಸದು ಕಟ್ಟುತ್ತೇವೆ. ತೆಗೆದಾಗಿದೆ, ಕಟ್ಟಿ ಆಗಿಲ್ಲ, ಆ ನಡುವೆ ಗೊಬ್ಬರದ ಲಾರಿ ಬಂದರೆ ಮುಗಿಯಿತು. ಮೂಳೆಯೂ ಹಾಗೇ. ಹೊಸ ಭಾರ ಬಿದ್ದಾಗ ಹಳೆಯ ಭಾಗವನ್ನು ಮೊದಲು ಕರಗಿಸಿ, ಆಮೇಲೆ ಗಟ್ಟಿ ಮೂಳೆ ಕಟ್ಟುತ್ತದೆ. ಅದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಹೃದಯ, ಶ್ವಾಸ ಅದಕ್ಕಿಂತ ಬೇಗ ಹೊಂದಿಕೊಳ್ಳುತ್ತವೆ. ಓಡುವವನಿಗೆ ಗೊತ್ತಾಗುವುದು ಉಸಿರು ಒಂದೇ, ಕಟ್ಟೆಯ ಸ್ಥಿತಿ ಗೊತ್ತಾಗುವುದೇ ಇಲ್ಲ.

ಅಕ್ಟೋಬರಿನ ಓಟ ಹೋಯಿತು. ದುಡ್ಡೂ ಹೋಯಿತು. ಅರ್ಧ ಗಂಟೆ ನೋವಿಲ್ಲದೆ ನಡೆಯಲು, ಒಂಟಿ ಕಾಲಲ್ಲಿ ಕುಪ್ಪಳಿಸಲು ಆದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಅಂತ ಶುರುಮಾಡಿ ಮತ್ತೆ 5 ಕಿ.ಮೀ. ತಲುಪುವಾಗ ನವೆಂಬರ್-ಡಿಸೆಂಬರಿನ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದಿತ್ತು.

ಇಷ್ಟಾದರೂ ತಪ್ಪು ಎಲ್ಲಿ ಅಂತ ನನಗೆ ಸರಿಯಾಗಿ ತಿಳಿದಿರಲಿಲ್ಲ. ವಯಸ್ಸು ಅಂದರು, ಶೂ ಅಂದರು. ಹತ್ತು ಪರ್ಸೆಂಟ್ ಮೀರಿದ್ದಕ್ಕೆ ಅಂತ ನಾನೇ ಅಂದುಕೊಂಡೆ. ಆಮೇಲೆ ಓದುತ್ತಾ ಹೋದಂತೆ ಆ ನಿಯಮಕ್ಕೇ ಗಟ್ಟಿ ಬುಡ ಇಲ್ಲ ಅಂತ ಗೊತ್ತಾಯಿತು. ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್‌ನಲ್ಲಿ ಹೊಸದಾಗಿ ಓಡುವ ಐನೂರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ಒಂದು ಅಧ್ಯಯನ ನಡೆಸಿದ್ದರು, 2008ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹತ್ತು ಪರ್ಸೆಂಟ್ ನಿಯಮದ 13 ವಾರ, ಇನ್ನೊಂದಕ್ಕೆ ಮಾಮೂಲಿ 8 ವಾರ. ಎರಡರಲ್ಲೂ ನೂರಕ್ಕೆ ಸುಮಾರು 20 ಜನ ಗಾಯ ಮಾಡಿಕೊಂಡರು. 2014ರ ಇನ್ನೊಂದು ಅಧ್ಯಯನ, 874 ಹೊಸಬರದ್ದು, ಎರಡು ವಾರದಲ್ಲಿ ಶೇ. 30ಕ್ಕಿಂತ ಜಾಸ್ತಿ ಏರಿಸಿದವರಿಗೆ ಮೊಣಕಾಲು, ಅದರ ಕೆಳಗಿನ ಭಾಗದ ಕೆಲವು ಬಗೆಯ ನೋವು ಹೆಚ್ಚು ಅಂದಿತು. ಎರಡನ್ನೂ ಓದಿ ತಲೆ ಕೆರೆದುಕೊಂಡೆ.

ಕಣ್ಣು ತೆರೆಸಿದ್ದು 2025ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ. 5,200ಕ್ಕೂ ಹೆಚ್ಚು ಓಟಗಾರರ ವಾಚಿನ ಲೆಕ್ಕವನ್ನು 18 ತಿಂಗಳು ನೋಡಿದ್ದಾರೆ. ಈ ವಾರದ ಮೊತ್ತ ಕಳೆದ ವಾರಕ್ಕಿಂತ ಎಷ್ಟು ಜಾಸ್ತಿ ಅನ್ನುವುದಕ್ಕೂ ಗಾಯಕ್ಕೂ ಅವರಿಗೆ ಸಂಬಂಧ ಕಾಣಲಿಲ್ಲ. ಕಂಡದ್ದು ಒಂದೇ ಒಂದು ಓಟದ ಉದ್ದದಲ್ಲಿ. ಕಳೆದ 30 ದಿನದಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ರಿಂದ 30ರಷ್ಟು ಹೆಚ್ಚು ಓಡಿದಾಗ ಗಾಯದ ಸಂಭವ ಶೇ. 64ರಷ್ಟು ಜಾಸ್ತಿ. ದುಪ್ಪಟ್ಟಿಗಿಂತ ಹೆಚ್ಚಾದರೆ ಎರಡು ಪಟ್ಟಿಗೂ ಮೀರಿ.

ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ 2023ರ ಡೈರಿ ತೆಗೆದೆ. ಅವತ್ತಿನ 14ಕ್ಕೆ ಹಿಂದಿನ 30 ದಿನದ ಅತಿ ಉದ್ದ ಎಷ್ಟು? 10. ಶೇ. 40 ಜಾಸ್ತಿ. ಮುಂದಿನ ಭಾನುವಾರ 14ರಿಂದ 16, ಮತ್ತೆ ಶೇ. 14. ನಾನು ಇಷ್ಟು ದಿನ ಗೋಡೆಗೆ ಅಂಟಿಸಿದ ಅಂಕಿ ಕೂಡುತ್ತಿದ್ದೆ, ಕಾಲು ನಿಜವಾಗಿ ಓಡಿದ್ದನ್ನು ಕೂಡಲೇ ಇಲ್ಲ. ಪಟ್ಟಿಯ ಪ್ರಕಾರ 27ರಿಂದ 28 ಆಗಬೇಕಿದ್ದ ವಾರ, ನನ್ನ ಕಾಲಿಗೆ 9ರಿಂದ 29 ಆಗಿತ್ತು.

ಹಾಗಂತ ಡೆನ್ಮಾರ್ಕಿನವರ ಆ ಶೇ. 10ನ್ನೇ ವೇದ ಅನ್ನಲಾರೆ. ಓಡಿದವರ ಲೆಕ್ಕ ನೋಡಿ ಹೇಳಿದ್ದು, ಎರಡು ಗುಂಪು ಮಾಡಿ ಪರೀಕ್ಷಿಸಿದ್ದಲ್ಲ. ಜೊತೆಗೆ ಅದು ಅಳೆದದ್ದು ದೂರವನ್ನು ಮಾತ್ರ, ಇಲ್ಲಿ ದೂರ ಅರ್ಧ ಕತೆ. 2024ರ ಏಪ್ರಿಲಿನಲ್ಲಿ ನನಗೆ ಇದರ ರುಚಿ ಸಿಕ್ಕಿತ್ತು. ಅಬ್ಬಿ ಫಾಲ್ಸ್ ಕಡೆ ಇಳಿಯುವ ರಸ್ತೆಯಲ್ಲಿ ಬರೀ 8 ಕಿ.ಮೀ., ಅದರ ಹಿಂದಿನ ವಾರವೂ ಅಷ್ಟೇ ಓಡಿದ್ದೆ, ಆದರೆ ಸಮತಟ್ಟು ಜಾಗದಲ್ಲಿ. ಇಳಿಜಾರಲ್ಲಿ ಮೈ ತಾನಾಗಿ ಓಡುತ್ತೆ ಅಲ್ವಾ, ನಾನೂ ಬಿಟ್ಟುಬಿಟ್ಟೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು, ನೆಲದ ಏಟೂ ಜೋರು. ಎರಡನೇ ದಿನ ಕಮೋಡ್ ಮೇಲೆ ಕೂರಲು ಗೋಡೆ ಹಿಡಿದೆ. ಮಂಡಿ ಚಿಪ್ಪಿನ ಸುತ್ತ ಮೂರು ವಾರ ನೋವು. ಈಗ ಇಳಿಜಾರನ್ನು ಬೇರೆ ಖಾತೆಯಲ್ಲಿ ಬರೆಯುತ್ತೇನೆ. ಏರು ಓಡುತ್ತೇನೆ, ಇಳಿಯುವುದು ಹೆಚ್ಚಾಗಿ ನಡೆದು, ಇಲ್ಲವೇ ಹೆಂಡತಿಯ ಸ್ಕೂಟರಿನ ಹಿಂದೆ. ಊರವರು ನಗುತ್ತಾರೆ.

ಉಳಿದ ಬದಲಾವಣೆಗಳು ಸಣ್ಣವು. ವಾರದ ಮಧ್ಯದ ಓಟಗಳನ್ನು ಕಿ.ಮೀ. ಬದಲು ನಿಮಿಷದಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಎಷ್ಟು ಕಷ್ಟ ಆಯಿತು ಅಂತ ಹತ್ತಕ್ಕೆ ಅಂಕ. 40 ನಿಮಿಷ, ಕಷ್ಟ 4 ಅಂದರೆ 160. ಕೊಯ್ಲಿನ ದಿನಗಳಿಗೂ ಅಂಕ ಕೊಡುತ್ತೇನೆ. ಜನವರಿ, ಫೆಬ್ರವರಿಯಲ್ಲಿ ರೋಬಸ್ಟಾ ಕುಯ್ಯುವಾಗ ಇಳಿಜಾರಲ್ಲಿ ಇಡೀ ದಿನ ನಿಂತು, ಮೂಟೆ ಹೊತ್ತು, ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿದವನಿಗೆ ‘ಇವತ್ತು ವಿಶ್ರಾಂತಿ ದಿನ’ ಅಂದರೆ ಅದಕ್ಕೇನು ಅರ್ಥ? ಮಳೆಗಾಲಕ್ಕೆ ಏರಿಕೆಯೇ ಇಲ್ಲ. ಹೊಳವಾದಾಗ ಓಡುವುದು, ತಿಂಗಳಿಗೆ ಎರಡು ಸಲವಾದರೂ 10 ಕಿ.ಮೀ. ಮುಟ್ಟಿಸಿಕೊಳ್ಳುವುದು, 30 ದಿನದ ಲೆಕ್ಕ ಬೀಳದಿರಲಿ ಅಂತ. ಉಳಿದ ದಿನ ಅಂಗಡಿ ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ಏಳುವುದು, ಮಂಡಿ ನೆಟ್ಟಗೆ 15, ಮಡಚಿ 15, ಮೂರು ಸುತ್ತು. ಶೂ ಎರಡು ಜೊತೆ, ಒಂದು ಒಣಗುವುದೇ ಇಲ್ಲ. ಒಲೆ ಪಕ್ಕ ಇಟ್ಟು ಒಂದರ ಸೋಲ್ ಎದ್ದು ಬಂತು, ಹಾಗೆ ಮಾಡಬೇಡಿ.

ಅಕ್ಟೋಬರಿನ ಓಟಕ್ಕೆ ಹೆಸರು ಕೊಡುವುದನ್ನೂ ಬಿಟ್ಟೆ. ಅಕ್ಟೋಬರಿನ ಓಟ ಅಂದರೆ ಕಕ್ಕಡದಲ್ಲಿ ಉದ್ದ ಓಟ ಅಂತಲೇ ಅರ್ಥ. 2025ರಲ್ಲಿ ನವೆಂಬರ್ ಕೊನೆಯ ಭಾನುವಾರದ್ದು ಒಂದನ್ನು ಹಿಡಿದೆ, ಬಯಲುಸೀಮೆಯಲ್ಲಿ. ಸೆಪ್ಟೆಂಬರ್ ಮೊದಲ ವಾರ 10ರಿಂದ ಶುರುಮಾಡಿ ವಾರಕ್ಕೊಂದು ಕಿ.ಮೀ. ಅಕ್ಟೋಬರಿನಲ್ಲಿ ಕಾವೇರಿ ಸಂಕ್ರಮಣಕ್ಕೆ ಮನೆ ತುಂಬ ನೆಂಟರು, ತಲಕಾವೇರಿ, ಭಾಗಮಂಡಲ ಅಂತ ಒಂದು ವಾರ ಹೋಯಿತು. 15ರಲ್ಲಿ ನಿಂತಿದ್ದೆ. ಮರುವಾರ ಪಟ್ಟಿಯಲ್ಲಿ 17. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ, ಹಳೆಯ ಚಟ ಸುಮ್ನೆ ಹೋಗುತ್ತಾ? 17 ಹೊಡೆದು 16 ಬರೆದೆ. ಆ ಒಂದು ಕಿ.ಮೀ. ವಸೂಲಾಗದ ಸಾಲ. ಕೊನೆಗೆ 19 ಮುಟ್ಟಿದೆ. ಓಟದ ದಿನದ 21.1 ಅದಕ್ಕಿಂತ ಶೇ. 11 ಜಾಸ್ತಿ, ಅಷ್ಟು ಅಪಾಯ ಗೊತ್ತಿದ್ದೇ ತೆಗೆದುಕೊಂಡೆ.

2 ಗಂಟೆ 21 ನಿಮಿಷ. ಎಡಗಾಲ ಹೆಬ್ಬೆರಳ ಉಗುರು ಕಪ್ಪಾಯಿತು. ಸೋಮವಾರ ಅಂಗಡಿ ತೆಗೆದು, ಗಿರಾಕಿ ಯಾರೂ ಇಲ್ಲದಿದ್ದರೂ, ಒಂದು ಸಲ ಏಣಿ ಹತ್ತಿ ನಾಲ್ಕು ಲೀಟರಿನ ಡಬ್ಬ ಹಿಡಿದು ಇಳಿದು ನೋಡಿದೆ.