52ಕ್ಕೆ ಶುರು ಮಾಡಿ ದನಿ ಬದಲಿಸಿಕೊಂಡೆ: ನನ್ನ ಅನುಭವ

"ಈ ವಯಸ್ಸಿಗೆ ಗಂಟಲು ಬಲಿತುಬಿಟ್ಟಿರುತ್ತೆ, ದನಿ ಇನ್ನು ಬದಲಾಗಲ್ಲ" ಎಂದು ಹೇಳಿದವರು ಒಬ್ಬಿಬ್ಬರಲ್ಲ. ನನ್ನ ಹಾಗೆ ತಡವಾಗಿ ಹೆಣ್ಣಾಗಿ ಬದುಕಲು ಹೊರಟ ಗೆಳತಿಯರೂ ಇದನ್ನೇ ಹೇಳಿದರು. ನಾನು ಶುರು ಮಾಡಿದ್ದು 52ಕ್ಕೆ. ಬದಲಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹಾರ್ಮೋನ್ ವಿಷಯ ನಿಮಗೆ ಗೊತ್ತೇ ಇದೆ. ಹರೆಯದಲ್ಲಿ ಒಮ್ಮೆ ಒಡೆದ ದನಿಯನ್ನು ಈಸ್ಟ್ರೋಜೆನ್, ಅಂದರೆ ಹೆಣ್ಣು ಹಾರ್ಮೋನ್, ವಾಪಸ್ ತರುವುದಿಲ್ಲ. ಆಪರೇಷನ್ ಮಾಡಿಸಿದರೆ ಶ್ರುತಿ ಏರುತ್ತದೆ, ಎದೆಯೊಳಗಿನ ಗುಡುಗು ಹಾಗೇ ಉಳಿಯುತ್ತದೆ. ಆ ದುಡ್ಡು ಉಳಿಸಿದೆ.

ಉಳಿಸಿದ್ದನ್ನು ಗಡ್ಡಕ್ಕೆ ಸುರಿದೆ. ಲೇಸರ್ ಹುಡುಕುವುದು ಕೂದಲಿನ ಕಪ್ಪನ್ನು. ನನ್ನ ಗಡ್ಡ ಆಗಲೇ ಅರ್ಧ ನೆರೆತಿತ್ತು. ಎಂಟೋ ಒಂಬತ್ತೋ ಸಲ ಹೋಗಿ ಕೂತೆ, ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ ಹೋಯಿತು. ಕಪ್ಪು ಕೂದಲು ಹೋದವು, ಬಿಳಿಯದು ಒಂದೂ ಅಲುಗಲಿಲ್ಲ. ಮೊದಲೇ ಹೇಳಬಹುದಿತ್ತು ಅಲ್ವಾ? ಆ ಸಿಟ್ಟು ಇನ್ನೂ ಇಳಿದಿಲ್ಲ. ಈಗ ಎಲೆಕ್ಟ್ರಾಲಿಸಿಸ್, ಸಣ್ಣ ಸೂಜಿಯಲ್ಲಿ ಕರೆಂಟ್ ಕೊಟ್ಟು ಬೇರು ಸುಡುವುದು, ಒಂದೊಂದೇ ಕೂದಲು, ನೂರು ಗಂಟೆ ದಾಟಿದೆ. ನಿಮ್ಮ ಗಡ್ಡದಲ್ಲಿ ಬಿಳಿ ಕಾಣಿಸಿಕೊಂಡಿದ್ದರೆ, ಉಳಿದ ಕಪ್ಪೂ ನೆರೆಯುವ ಮುಂಚೆ ಲೇಸರ್ ಮಾಡಿಸಿ, ತಡ ಮಾಡಬೇಡಿ.

ದನಿಗೆ ಬರುತ್ತೇನೆ. ಮೊದಲ ಎಂಟು ತಿಂಗಳು ವ್ಯರ್ಥ. ಫೋನಿನ ಶ್ರುತಿ ಆ್ಯಪ್ ಹಿಡಿದು ಗಂಡಸಿನ 110 ಹರ್ಟ್ಸ್‌ನಿಂದ ಹೆಂಗಸಿನ 220ಕ್ಕೆ ಏರಿಸುವ ಹಟ. ಮುಳ್ಳು ಏರಿತು. ರೆಕಾರ್ಡ್ ಕೇಳಿದರೆ ಗಂಡಸೊಬ್ಬ ಕೀರಲು ದನಿ ತೆಗೆದ ಹಾಗೆ. ಕೊನೆಗೆ ಗಂಟಲು ಕಟ್ಟಿತು. ಮೂರು ವಾರ ಮಾತಿಲ್ಲ. ಪಿಸುಮಾತೂ ಬೇಡ ಎಂದರು ಡಾಕ್ಟರ್.

ಸುಮ್ಮನೆ ಕೂತ ಆ ಮೂರು ವಾರ ನನ್ನ ವಯಸ್ಸಿನ ಹೆಂಗಸರು ಮಾತಾಡುವುದನ್ನು ಕೇಳಿಸಿಕೊಂಡೆ. ಮುಟ್ಟು ನಿಂತ ಮೇಲೆ ಹೆಂಗಸರ ದನಿಯೂ ಸ್ವಲ್ಪ ಇಳಿಯುತ್ತದೆ. ಇಪ್ಪತ್ತರ ಹುಡುಗಿಯ ದನಿ ನನಗೆ ಯಾಕೆ? ಶ್ರುತಿಯನ್ನು 170ರ ಆಸುಪಾಸಿಗೆ ಬಿಟ್ಟೆ. ಎಲ್ಲ ಗಮನ ಆ ಗುಡುಗು ಇಳಿಸಲು ಬಾಯಿ-ಗಂಟಲಿನೊಳಗಿನ ಜಾಗ ಚಿಕ್ಕದು ಮಾಡುವುದರ ಮೇಲೆ.

ಸಾಧನ ಕಾಗುಣಿತ. "ಕೀ" ಅನ್ನುವಾಗ ದನಿ ತಾನಾಗಿ ಮುಂದೆ ಬಂದು ಹಲ್ಲಿನ ಹಿಂದೆ ಕೂರುತ್ತದೆ. "ಕೂ", "ಕೋ" ಅಂದಾಗ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಸಾಲನ್ನು ಅದರ ಕ್ರಮದಲ್ಲಿ ಹೇಳಲಿಲ್ಲ. ಕೀ ಹಿಡಿದು, ಅದೇ ಉಸಿರಿನಲ್ಲಿ ಕೇ, ಅಲ್ಲಿಂದ ಕಾ. ದನಿ ಹಿಂದಕ್ಕೆ ಜಾರಿ ಭಾರವಾದರೆ ಮತ್ತೆ ಕೀಗೆ ವಾಪಸ್. ಬೆರಳು ಗಂಟಲ ಗಂಟಿನ ಮೇಲೆ, ಅದು ಕೆಳಗೆ ಬಿದ್ದರೆ ಗೊತ್ತಾಗುತ್ತದೆ. ಒತ್ತಿ ಹಿಡಿಯಬಾರದು, ನೋವಾದರೆ ಅಂದಿಗೆ ಮುಗಿಯಿತು. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹತ್ತು. ಬರೀ "ಕ" ಸಾಲಿಗೇ ಆರು ವಾರ ಕೊಟ್ಟೆ. ಗಂಟಲು ದಣಿದ ದಿನ ನೀರಿಗೆ ಸ್ಟ್ರಾ ಹಾಕಿ ಗುಳುಗುಳು ಅನ್ನಿಸುತ್ತಾ ರಾಗ ಎಳೆಯುತ್ತಿದ್ದೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಂದೇ ಪ್ಯಾರಾವನ್ನು ಗಂಭೀರ ಮುಖದಲ್ಲಿ, ಆಮೇಲೆ ನಗುಮುಖದಲ್ಲಿ ಓದಿ ರೆಕಾರ್ಡ್ ಮಾಡಿದೆ. ಶ್ರುತಿ ಒಂದೇ, ಎರಡನೆಯದು ಎಷ್ಟೋ ತಿಳಿ. ಮಾಡಿ ನೋಡಿ.

ಜಾಸ್ತಿ ಕಾಡಿದ್ದು ವಾಕ್ಯದ ಕೊನೆ. ನಮ್ಮಲ್ಲಿ ಕ್ರಿಯಾಪದ ಬರುವುದೇ ಕೊನೆಗೆ, ಅಷ್ಟರಲ್ಲಿ ಉಸಿರು ಮುಗಿದು ದನಿ ಎದೆಗೆ ಬೀಳುತ್ತದೆ. "ನಾಳೆ ಬರ್ತೀನಿ" ಅಂದರೆ "ನಾಳೆ" ನನ್ನದು, "ಬರ್ತೀನಿ" ಹಳೆಯ ಮನುಷ್ಯನದು. ಕ್ರಿಯಾಪದಕ್ಕೆ ಮುಂಚೆ ಚೂರು ಉಸಿರು ತಗೊಂಡು ಸರಿ ಮಾಡಿದೆ. ಫೋನಿನ ಮೊದಲ "ಹಲೋ"ಗೆ ಬೇರೆಯದೇ ಉಪಾಯವಿದೆ. ಅದನ್ನು ಬರೆಯುವುದಿಲ್ಲ, ಎದುರು ಕೂರಿಸಿಕೊಂಡು ಕಲಿಸುವಂಥದ್ದು.

ದಾರಿ ಬದಲಿಸಿ ಹದಿನಾಲ್ಕು ತಿಂಗಳಾಗಿತ್ತೇನೋ. "ಬಂದೆ", "ಹೋದೆ" ಅನ್ನುವಾಗ ಕನ್ನಡದಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ, ಫೋನಿನಲ್ಲಿ ಎಲ್ಲ ಭಾರ ದನಿಯದ್ದೇ. ಯಾರೋ ರಾಂಗ್ ನಂಬರ್ ಮಾಡಿದ್ದರು. ಇಡುವ ಮುಂಚೆ ಪಕ್ಕದವರಿಗೆ ಹೇಳಿದ್ದು ಕೇಳಿಸಿತು: "ಅವನಲ್ಲ ಕಣೋ, ಯಾರೋ ಎತ್ತಿದಳು." ಆ "ಳು" ಕೇಳಿ ಫೋನ್ ಹಿಡಿದುಕೊಂಡೇ ತುಂಬಾ ಹೊತ್ತು ನಿಂತಿದ್ದೆ.

ಈಗ ನಗು ಕಲಿಯುತ್ತಿದ್ದೇನೆ, ಅದೂ "ಹೀ"ಯಿಂದಲೇ ಶುರು. ಕೆಮ್ಮು ಇನ್ನೂ ಕೈಗೆ ಸಿಕ್ಕಿಲ್ಲ.